ಕಡಲ ನೀರಿನ ವರದಿಗೆ ಪಚ್ಚಿಲೆಯ ಸಾಕ್ಷ್ಯವೂ ಬೇಕು

ಕಡಲ ನೀರಿನಲ್ಲಿ ಪಾದರಸ ಎಷ್ಟಿದ್ದರೆ ಅದು ಕೆಟ್ಟಿದೆ ಎನ್ನಬೇಕು? ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಾವಳಿ ಕರಾವಳಿಯ ನೀರನ್ನು ಅದರ ಬಳಕೆಗೆ ತಕ್ಕಂತೆ ಐದು ವರ್ಗ ಮಾಡಿದೆ. ಉಪ್ಪಿನ ಆಗರ, ಚಿಪ್ಪುಜೀವಿಗಳ ಸಂಗ್ರಹ, ಸಮುದ್ರಕೃಷಿ, ಸೂಕ್ಷ್ಮ ಜೀವವಲಯ ಇವೆಲ್ಲ ಸೇರುವುದು ಮೊದಲ ವರ್ಗಕ್ಕೆ, ಅಂದರೆ ಅತ್ಯಂತ ಶುದ್ಧವಾಗಿರಬೇಕಾದ ನೀರಿಗೆ. ಆ ವರ್ಗದಲ್ಲಿ ಪಾದರಸ, ಸೀಸ, ಕ್ಯಾಡ್ಮಿಯಂ ಮೂರಕ್ಕೂ ಇಟ್ಟಿರುವ ಮಿತಿ ಒಂದೇ: ಲೀಟರಿಗೆ 0.01 ಮಿಲಿಗ್ರಾಂ. ಇದೇ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಪಾದರಸದ ಮಿತಿ 0.001 ಮಿಲಿಗ್ರಾಂ. ಪಚ್ಚಿಲೆ, ಅಂದರೆ ಮಸೆಲ್ ಜಾತಿಯ ಚಿಪ್ಪುಜೀವಿ, ಬೆಳೆಯುವ ನೀರಿಗೆ ಮನುಷ್ಯ ಕುಡಿಯುವ ನೀರಿಗಿಂತ ಹತ್ತು ಪಟ್ಟು ಸಡಿಲಿಕೆ. ಕಡಲ ನೀರನ್ನು ಯಾರು ಕುಡಿಯುತ್ತಾರೆ ಎಂದು ಕೇಳಬಹುದು. ಪಚ್ಚಿಲೆ ಕುಡಿಯುತ್ತದೆ, ಹಗಲೂ ರಾತ್ರಿ, ಗಂಟೆಗೆ ಲೀಟರಿನ ಲೆಕ್ಕದಲ್ಲಿ. ಯುರೋಪಿನ ಒಕ್ಕೂಟ ತನ್ನ ಕರಾವಳಿಯಲ್ಲಿ ಪಾದರಸಕ್ಕೆ ಯಾವ ಕ್ಷಣದಲ್ಲೂ ಮೀರಬಾರದೆಂದು ಇಟ್ಟಿರುವ ಗೆರೆ ಲೀಟರಿಗೆ 0.07 ಮೈಕ್ರೊಗ್ರಾಂ. ನಮ್ಮ ಗೆರೆ ಅದರ ನೂರನಲವತ್ತು ಪಟ್ಟಿಗೂ ಮೇಲೆ ಇದೆ. ಇನ್ನೂ ಗಮನಿಸಬೇಕಾದದ್ದೆಂದರೆ, 2013ರಲ್ಲಿ ಯುರೋಪ್ ಪಾದರಸದ ವಾರ್ಷಿಕ ಸರಾಸರಿಯನ್ನು ನೀರಿನಲ್ಲಿ ಅಳೆಯುವ ಪದ್ಧತಿಯನ್ನೇ ಕೈಬಿಟ್ಟು, ಜೀವಿಯ ಮೈಯಲ್ಲಿ ಅಳೆಯಲು ಹೊರಟಿತು. ನಮ್ಮ ನಿಯಮಾವಳಿಗೂ ಈ ವಿಷಯ ಗೊತ್ತಿಲ್ಲದೇನಿಲ್ಲ. ಈ ಮಿತಿಗಳು ಉಪ್ಪು, ಮೀನು, ಚಿಪ್ಪುಜೀವಿಗಳಲ್ಲಿ ಲೋಹ ಎಷ್ಟು ಸೇರುತ್ತದೆ, ಜನ ಅವನ್ನು ದಿನಕ್ಕೆ ಎಷ್ಟು ತಿನ್ನುತ್ತಾರೆ ಎಂಬುದನ್ನು ಅವಲಂಬಿಸಿವೆ ಎಂದು ಅದೇ ಕೋಷ್ಟಕ ಹೇಳುತ್ತದೆ. ಹೇಳಿ, ಅಲ್ಲಿಗೆ ಬಿಟ್ಟುಬಿಡುತ್ತದೆ.

ನನ್ನ ವಾದ ಇಷ್ಟೇ: ಕಡಲಿಗೆ ಸೇರುವ ಲೋಹಗಳ ಮೇಲೆ ನಿಗಾ ಇಡುವವರು ನೀರಿನ ಬಾಟಲಿಯ ಜೊತೆಗೆ ಆ ನೀರಿನಲ್ಲೇ ಬದುಕುವ ಚಿಪ್ಪುಜೀವಿಯ ಆರೋಗ್ಯವನ್ನೂ ಅಳೆಯಬೇಕು, ಮತ್ತು ಆ ಅಳತೆಗೆ ಸರ್ಕಾರಿ ವರದಿಯಲ್ಲಿ ಅಧಿಕೃತ ಸ್ಥಾನ ಸಿಗಬೇಕು. 1991ರಿಂದ ಕೇಂದ್ರ ಸರ್ಕಾರದ ಕರಾವಳಿ ನಿಗಾ ಯೋಜನೆಯೊಂದು ನಡೆದುಬಂದಿದೆ, ಈಗ ಅದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಉಸ್ತುವಾರಿಯಲ್ಲಿದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ತನ್ನ ಪಾಲಿನ ಮಾದರಿ ಸಂಗ್ರಹ ಮಾಡುತ್ತದೆ. ಆದರೆ ಬಾಟಲಿಗೆ ಅದರದೇ ಆದ ಮಿತಿಗಳಿವೆ. ಅದು ತುಂಬಿದ ಆ ನಿಮಿಷದ ನೀರನ್ನು ಮಾತ್ರ ಬಲ್ಲದು. ಉಬ್ಬರದ ಹೊತ್ತಿಗೆ ತುಂಬಿದರೆ ಒಂದು ಅಂಕಿ, ಇಳಿತಕ್ಕೆ ತುಂಬಿದರೆ ಇನ್ನೊಂದು. ಕೊಳವೆಯಿಂದ ತ್ಯಾಜ್ಯನೀರು ಹೊರಬಿದ್ದದ್ದು ರಾತ್ರಿ, ಮಾದರಿ ತೆಗೆಯುವ ದೋಣಿ ಹೋದದ್ದು ಮರುದಿನ ಮಧ್ಯಾಹ್ನ ಎಂದಾದರೆ ವರದಿ ಶುದ್ಧವಾಗಿಯೇ ಬರುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಅದರ ನಡುವೆ ಮೈಕ್ರೊಗ್ರಾಂ ಲೆಕ್ಕದ ಲೋಹವನ್ನು ಹುಡುಕುವುದೇ ನಾಜೂಕಿನ ಕೆಲಸ. ಮಾದರಿ ತೆಗೆಯುವ ಪಾತ್ರೆ, ದೋಣಿಯ ತುಕ್ಕು ಕೂಡ ಫಲಿತಾಂಶವನ್ನು ಕೆಡಿಸಬಲ್ಲವು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಮಾತ್ರ ನೋಡಿ ಸುಮ್ಮನಾಗುವುದಿಲ್ಲ, ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಕಡಲಿಗೆ ಅಂಥ ಪರೀಕ್ಷೆ ಬಂಡೆಗೆ ಕಚ್ಚಿಕೊಂಡ ಪಚ್ಚಿಲೆಯ ಮೈಯಲ್ಲಿದೆ. ಅದು ಊರು ಬಿಟ್ಟು ಹೋಗುವುದಿಲ್ಲ, ನೀರನ್ನು ಸೋಸಿಯೇ ಉಣ್ಣಬೇಕು, ಸೋಸಿದ ಲೋಹವನ್ನು ನೀರಿನಲ್ಲಿದ್ದುದಕ್ಕಿಂತ ಸಾವಿರಾರು ಪಟ್ಟು ಸಾಂದ್ರವಾಗಿ ಮೈಗೂಡಿಸಿಕೊಳ್ಳುತ್ತದೆ. ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಜಗತ್ತಿನ ಕರಾವಳಿಗಳ ಕಾವಲಿಗೆ ಈ ಜೀವಿಗಳನ್ನೇ ಬಳಸಬಹುದೆಂದು ಪ್ರಸ್ತಾಪಿಸಿದರು. 1986ರಿಂದ ಅಮೆರಿಕದಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಗಿದೆ. ಫ್ರಾನ್ಸ್ ಅದಕ್ಕೂ ಮೊದಲೇ, ಎಪ್ಪತ್ತರ ದಶಕದಲ್ಲಿ, ತನ್ನ ಜಾಲವನ್ನು ಕಟ್ಟಿಕೊಂಡಿತ್ತು.

ಹಾಗಿದ್ದರೆ ಪಚ್ಚಿಲೆಯ ಮಾಂಸದಲ್ಲಿ ಲೋಹ ಎಷ್ಟಿದೆ ಎಂದು ಅಳೆದರೆ ಸಾಲದೇ, ಅದಕ್ಕೆ ಆದ ತೊಂದರೆಯನ್ನು ಬೇರೆಯಾಗಿ ಏಕೆ ಅಳೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಸಾಲದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಫಿಲಿಪ್ ರೇನ್‌ಬೋ ದಶಕಗಳ ಕಾಲ ಇದನ್ನೇ ವಿವರಿಸಿದರು: ಮೈಯಲ್ಲಿರುವ ಒಟ್ಟು ಲೋಹ ವಿಷದ ಅಳತೆಯಲ್ಲ. ಬಂಡೆಗೆ ಅಂಟುವ ಬಾರ್ನಕಲ್‌ಗಳು ಸತುವನ್ನು ಅಪಾರ ಪ್ರಮಾಣದಲ್ಲಿ ಒಳಗೆ ಎಳೆದುಕೊಂಡು, ನಿರುಪದ್ರವಿ ಹರಳುಗಳಾಗಿ ಕಟ್ಟಿಟ್ಟು, ಆರಾಮವಾಗಿರುತ್ತವೆ. ಮಸೆಲ್ ಜಾತಿಗಳು ಇದಕ್ಕೆ ತದ್ವಿರುದ್ಧ. ಅವು ಸತುವಿನ ಮಟ್ಟವನ್ನು ಒಂದು ಮಿತಿಯವರೆಗೆ ತಾವೇ ಹತೋಟಿಯಲ್ಲಿಡುತ್ತವೆ, ಹಾಗಾಗಿ ನೀರಿನಲ್ಲಿ ಸತು ಏರಿದರೂ ಮಾಂಸದ ಅಂಕಿ ಅಷ್ಟಾಗಿ ಕದಲುವುದಿಲ್ಲ. ಒಂದರಲ್ಲಿ ಅಂಕಿ ದೊಡ್ಡದು, ಹಾನಿಯಿಲ್ಲ. ಇನ್ನೊಂದರಲ್ಲಿ ಅಂಕಿ ಚಿಕ್ಕದು, ಒಳಗೆ ಶಕ್ತಿಯೆಲ್ಲ ಲೋಹವನ್ನು ಹೊರಹಾಕುವುದರಲ್ಲೇ ಕರಗುತ್ತಿರಬಹುದು. ವಿಷ ಹತ್ತುವುದು ಲೋಹ ಒಳಬರುವ ವೇಗವು ಜೀವಿ ಅದನ್ನು ಕಟ್ಟಿಹಾಕುವ ಮತ್ತು ಹೊರದಬ್ಬುವ ವೇಗವನ್ನು ಮೀರಿದಾಗ. ನೀರಿನ ವಿಷಯದಲ್ಲೂ ಇದೇ ಕಥೆ. ಒಂದೇ ಪ್ರಮಾಣದ ತಾಮ್ರ, ಕೊಳೆತ ಎಲೆ ಮತ್ತು ಹ್ಯೂಮಿಕ್ ಆಮ್ಲಗಳಿಂದ ಕಂದಾದ ಅಳಿವೆಯ ನೀರಿನಲ್ಲಿ ಸಾವಯವ ವಸ್ತುಗಳಿಗೆ ಅಂಟಿಕೊಂಡು ಬಹುಮಟ್ಟಿಗೆ ಸುಮ್ಮನಿರುತ್ತದೆ. ತಿಳಿಯಾದ ಹೊರಗಡಲಿನಲ್ಲಿ ಅದೇ ತಾಮ್ರ ಬಿಡಿ ಅಯಾನುಗಳಾಗಿ ನೇರ ಕಿವಿರಿಗೆ ತಾಗುತ್ತದೆ. ಪ್ರಯೋಗಾಲಯ ಎರಡಕ್ಕೂ ಒಂದೇ ಅಂಕಿ ಕೊಡುತ್ತದೆ, ಜೀವಿ ಎರಡಕ್ಕೂ ಬೇರೆಬೇರೆ ಉತ್ತರ ಕೊಡುತ್ತದೆ. ನಮಗೆ ಬೇಕಿರುವುದು ಎರಡನೆಯ ಉತ್ತರ.

ಆ ಉತ್ತರವನ್ನು ಓದುವ ವಿಧಾನಗಳು ನಲವತ್ತು ವರ್ಷಗಳಿಂದ ಪಳಗಿವೆ. ಇವುಗಳಲ್ಲಿ ಕೆಲವು ಎಷ್ಟು ಸರಳವೆಂದರೆ, ಇಷ್ಟು ಕಾಲ ಏಕೆ ಬಳಸಲಿಲ್ಲ ಎಂದು ಅಚ್ಚರಿಯಾಗುತ್ತದೆ. ಜೀವಕೋಶದೊಳಗೆ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿರುತ್ತವೆ, ಹಾಳಾದದ್ದನ್ನು ಜೀರ್ಣಿಸುವುದು ಅವುಗಳ ಕೆಲಸ, ಲೋಹ ಬಂದು ಸೇರುವುದೂ ಅಲ್ಲಿಗೇ. ಚಿಪ್ಪು ಮುಚ್ಚುವ ಸ್ನಾಯುವಿಗೆ ಸೂಜಿ ಚುಚ್ಚಿ ಒಂದಿಷ್ಟು ರಕ್ತದ್ರವ ತೆಗೆದು, ನ್ಯೂಟ್ರಲ್ ರೆಡ್ ಎಂಬ ಕೆಂಪು ಬಣ್ಣ ಬೆರೆಸಿ, ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಾಯಬೇಕು. ಆರೋಗ್ಯವಂತ ಕೋಶದ ಚೀಲಗಳು ಬಣ್ಣವನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ಐವತ್ತು ನಿಮಿಷದೊಳಗೇ ಸೋರಿದರೆ ಪ್ರಾಣಿ ತೀವ್ರ ಸಂಕಟದಲ್ಲಿದೆ ಎಂದು ಯುರೋಪಿನ ಸಾಗರ ನಿಗಾ ಸಂಸ್ಥೆಗಳು ಗೆರೆ ಎಳೆದಿವೆ. ಪ್ರಾಣಿಯನ್ನು ಕೊಲ್ಲಬೇಕಾದ್ದೂ ಇಲ್ಲ. ಇನ್ನೊಂದು ಪರೀಕ್ಷೆಗೆ ಸೂಕ್ಷ್ಮದರ್ಶಕವೂ ಬೇಡ. ಮಸೆಲ್‌ಗಳನ್ನು ನೀರಿನಿಂದ ತೆಗೆದು ತೇವವಿರುವ ಗಾಳಿಯಲ್ಲಿಟ್ಟು, ಅರ್ಧದಷ್ಟು ಸಾಯಲು ಎಷ್ಟು ದಿನ ಹಿಡಿಯಿತೆಂದು ಎಣಿಸುವುದು. ಇಳಿತದಲ್ಲಿ ಗಾಳಿಗೊಡ್ಡಿಕೊಂಡು ಬದುಕುವುದು ಇವುಗಳ ಹುಟ್ಟುಗುಣ. ಮಲಿನ ನೀರಿನಲ್ಲಿ ಆಗಲೇ ಬಳಲಿದವು ಆ ಹೆಚ್ಚಿನ ಕಷ್ಟಕ್ಕೆ ಬೇಗನೆ ಸೋಲುತ್ತವೆ. ಯುರೋಪಿನ ತಣ್ಣನೆಯ ಹವೆಯಲ್ಲಿ ಹತ್ತು ದಿನ ದಾಟಿದವು ಚೆನ್ನಾಗಿವೆ ಎಂದೂ, ಐದು ದಿನವೂ ಬದುಕದವು ಕೆಟ್ಟ ಸ್ಥಿತಿಯಲ್ಲಿವೆ ಎಂದೂ ಲೆಕ್ಕ. ಲೋಹವನ್ನೇ ಬೆಟ್ಟುಮಾಡಿ ತೋರಿಸುವ ಪರೀಕ್ಷೆ ಬೇಕೆಂದರೆ ಮೆಟಲೋಥಯೊನಿನ್ ಇದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಪತ್ತೆಯಾದ ಈ ಪ್ರೋಟೀನಿನ ತುಂಬ ಗಂಧಕವುಳ್ಳ ಸಿಸ್ಟೀನ್ ಇದ್ದು, ಕ್ಯಾಡ್ಮಿಯಂ, ತಾಮ್ರ, ಪಾದರಸ, ಸತುಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಈ ಲೋಹಗಳು ಒಳಬಂದರೆ ಜೀವಿ ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಪೋಲೆಂಡಿನ ವಾರ್ಸಾ ನಗರದ ಕುಡಿಯುವ ನೀರಿನ ಕಾವಲಿಗೆ ಎಂಟು ಸಿಹಿನೀರಿನ ಚಿಪ್ಪುಜೀವಿಗಳನ್ನು ಕೂರಿಸಿ, ಅವು ಚಿಪ್ಪು ಮುಚ್ಚುವುದನ್ನು ಸಂವೇದಕಗಳಿಂದ ಗಮನಿಸುತ್ತಾರೆ. ಬಹಳ ಜನ ಕೇಳಿರುವ ಉದಾಹರಣೆ ಅದು, ಆದರೆ ಅದು ದಿಢೀರ್ ಅಪಾಯದ ಗಂಟೆ. ನಾನು ಹೇಳುತ್ತಿರುವುದು ನಿಧಾನವಾಗಿ ಏರುವ ವಿಷದ ಬಗ್ಗೆ.

ಇದೆಲ್ಲ ಪ್ರಯೋಗಾಲಯದ ಆಟ, ನೀತಿ ರೂಪಿಸಲು ಇದರಿಂದ ಏನಾದೀತು ಎನ್ನುವವರು ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತದ ಚರಿತ್ರೆಯನ್ನು ಓದಬೇಕು. ಹಡಗು, ದೋಣಿಗಳ ತಳಕ್ಕೆ ಪಾಚಿ, ಬಾರ್ನಕಲ್ ಅಂಟದಂತೆ ಬಳಿಯುವ ಬಣ್ಣದಲ್ಲಿ ಅರವತ್ತರ ದಶಕದಿಂದ ಇದನ್ನು ಸೇರಿಸಲಾಗುತ್ತಿತ್ತು. ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಬಣ್ಣ ಇನ್ನೊಂದಿರಲಿಲ್ಲ. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಆಯ್ಸ್ಟರ್ ಕೃಷಿಕರ ಬದುಕು ಇದ್ದಕ್ಕಿದ್ದಂತೆ ಕುಸಿಯಿತು. ಮರಿಗಳು ನೆಲೆಯೂರಲಿಲ್ಲ. ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪವಾಗಿ, ಪದರಗಳ ನಡುವೆ ಲೋಳೆ ತುಂಬಿದ ಗೂಡುಗಳಾದವು, ಒಳಗಿನ ಮಾಂಸ ಸೊರಗಿತು. ಇತ್ತ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡಾಗ್‌ವೆಲ್ಕ್ ಎಂಬ ಕಡಲ ಬಸವನಹುಳುವಿನ ಹೆಣ್ಣುಗಳಲ್ಲಿ ಗಂಡಿನ ಜನನಾಂಗ ಮೂಡುತ್ತಿರುವುದನ್ನು ಸ್ಟೀಫನ್ ಬ್ಲಾಬರ್ 1970ರಲ್ಲೇ ಬರೆದಿದ್ದರು. ಆಗ ಅದೊಂದು ವಿಚಿತ್ರವೆಂದಷ್ಟೇ ಕಂಡಿತ್ತು. ಜೆಫ್ರಿ ಬ್ರಯನ್, ಪೀಟರ್ ಗಿಬ್ಸ್ ಮತ್ತು ಸಂಗಡಿಗರು ಎಂಬತ್ತರ ದಶಕದ ನಡುವೆ ಅದಕ್ಕೂ ದೋಣಿಯ ಬಣ್ಣಕ್ಕೂ ಇರುವ ನಂಟನ್ನು ಸಾಬೀತುಪಡಿಸಿದರು. ಅಂಡನಾಳಕ್ಕೆ ಅಡ್ಡಿಯಾಗಿ ಮೊಟ್ಟೆ ಹೊರಬರಲಾಗದೆ ಹೆಣ್ಣುಗಳು ಸಾಯುತ್ತಿದ್ದವು, ದೋಣಿ ಹೆಚ್ಚು ನಿಲ್ಲುವ ಕಡೆಗಳಲ್ಲಿ ಸಂತತಿಯೇ ಅಳಿಯುತ್ತಿತ್ತು. ಈ ಬದಲಾವಣೆ ತೊಡಗಲು ಸಾಕಾದ ಪ್ರಮಾಣ ಲೀಟರಿಗೆ ಸುಮಾರು ಒಂದು ನ್ಯಾನೊಗ್ರಾಂ, ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣ ಪ್ರಮಾಣವನ್ನು ನೀರಿನಲ್ಲಿ ಹಿಡಿಯುವುದು ಅಂದಿನ ದಿನನಿತ್ಯದ ರಾಸಾಯನಿಕ ಪರೀಕ್ಷೆಗಳಿಗೆ ಎಟುಕದ ಮಾತು. ಬಸವನಹುಳುವಿಗೆ ಎಟುಕಿತ್ತು.

ಆಮೇಲೆ ನಡೆದದ್ದು ಕಾನೂನಿನ ಚರಿತ್ರೆ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು, ಆರ್ಕಶೋನಿನಲ್ಲಿ ಆಯ್ಸ್ಟರ್ ಮರಿಗಳು ಮತ್ತೆ ನೆಲೆಯೂರತೊಡಗಿದವು. 1987ರಲ್ಲಿ ಬ್ರಿಟನ್ ಅದೇ ದಾರಿ ಹಿಡಿಯಿತು. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ಒಪ್ಪಂದ 2001ರಲ್ಲಿ ಸಿದ್ಧವಾಗಿ 2008ರಲ್ಲಿ ಜಾರಿಗೆ ಬಂತು. ಬಣ್ಣ ತಯಾರಿಸುವ ಬಲಾಢ್ಯ ಕಂಪನಿಗಳ ಎದುರು ನಿಂತು ಗೆದ್ದ ಸಾಕ್ಷ್ಯ ಚಿಪ್ಪುಜೀವಿಯ ಮೈಯಿಂದ ಬಂದದ್ದು ಎಂಬುದು ನನಗೆ ಇಲ್ಲಿ ಮುಖ್ಯ. ನಮ್ಮ ಕಡಲಿಗೂ ಈ ಕಥೆ ದೂರದ್ದಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದೇ ಲಿಂಗವಿಕಾರವನ್ನು ಭಾರತದ ನೀರಿನ ಕಡಲ ಬಸವನಹುಳುಗಳಲ್ಲಿ 1999ರಲ್ಲಿ ದಾಖಲಿಸಿದರು. ಗೋವಾ ಕರಾವಳಿಯ ಬಸವನಹುಳುಗಳ ಡಿಎನ್‌ಎ ಎಷ್ಟು ಘಾಸಿಗೊಂಡಿದೆ ಎಂಬುದನ್ನೇ ಮಾಲಿನ್ಯದ ಸೂಚಕವಾಗಿ ಬಳಸಿದ ಅಧ್ಯಯನಗಳೂ ಅಲ್ಲಿಂದ ಬಂದಿವೆ. ಕಾರವಾರದ ಪಕ್ಕದ ರಾಜ್ಯದಲ್ಲೇ ಈ ವಿದ್ಯೆ ಇದೆ. ಅದು ಸಂಶೋಧನಾ ಪತ್ರಿಕೆಯಿಂದ ಮಂಡಳಿಯ ಕಡತಕ್ಕೆ ದಾಟಿಲ್ಲ, ಅಷ್ಟೇ.

ಈಗ ಆಕ್ಷೇಪಗಳಿಗೆ ಬರೋಣ. ಅತ್ಯಂತ ಗಟ್ಟಿಯಾದದ್ದು ವಿಜ್ಞಾನಿಗಳದೇ ಆಕ್ಷೇಪ: ಸಂಕಟದ ಲಕ್ಷಣಕ್ಕೆ ಕಾರಣ ಲೋಹವೇ ಎಂದು ಹೇಗೆ ಹೇಳುತ್ತೀರಿ? ಬಸವನಹುಳುವಿನ ಲಿಂಗವಿಕಾರ ಹೆಚ್ಚುಕಡಿಮೆ ತವರದ ಸಂಯುಕ್ತಗಳಿಗೇ ಮೀಸಲಾದ ಲಕ್ಷಣ. ಇಂಥ ಅದೃಷ್ಟ ಪ್ರತಿ ಲೋಹಕ್ಕೂ ಸಿಗುವುದಿಲ್ಲ. ಲೈಸೊಸೋಮ್ ಬಣ್ಣ ಸೋರುವುದಕ್ಕೆ ಎಣ್ಣೆ, ಕೀಟನಾಶಕ, ಬಿಸಿನೀರು, ಹಸಿವು ಯಾವುದೂ ಕಾರಣವಾಗಬಹುದು. ಮೆಟಲೋಥಯೊನಿನ್ ಕೂಡ ಮೊಟ್ಟೆಯಿಡುವ ಕಾಲಕ್ಕೆ, ಮೈತೂಕಕ್ಕೆ ತಕ್ಕಂತೆ ಏರಿಳಿಯುತ್ತದೆ, ಸೀಸಕ್ಕೆ ಅದು ಅಷ್ಟಾಗಿ ಸ್ಪಂದಿಸುವುದೂ ಇಲ್ಲ. ನಮ್ಮ ಕರಾವಳಿಯಲ್ಲಂತೂ ಮಳೆಗಾಲವೇ ಅತಿ ದೊಡ್ಡ ಗೊಂದಲ. ಜೂನ್ ಕಳೆಯುವಷ್ಟರಲ್ಲಿ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ನದಿಗಳ ಅಳಿವೆಗಳಲ್ಲಿ ಉಪ್ಪಿನಂಶ ತೀರ ಕೆಳಗಿಳಿದು, ಆ ಸಿಹಿನೀರೇ ಪಚ್ಚಿಲೆಗೆ ಪ್ರಾಣಕ್ಕೆ ಬರುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನವನ್ನಲ್ಲ. ಜ್ವರಕ್ಕೆ ನೂರು ಕಾರಣವಿದೆಯೆಂದು ಯಾರೂ ಥರ್ಮಾಮೀಟರನ್ನು ಎಸೆಯುವುದಿಲ್ಲ. ಸಂಕಟದ ಲಕ್ಷಣ ಹೇಳುವುದು ಇಲ್ಲಿ ಏನೋ ಕೆಟ್ಟಿದೆ ಎಂದು, ಏನು ಕೆಟ್ಟಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳಬೇಕು. ಮೆಡಿಟರೇನಿಯನ್ ಕರಾವಳಿಯ ನಿಗಾಕ್ಕೆ ಇಟಲಿಯ ಆಲ್ಡೊ ವಿಯರೆಂಗೊ ಮತ್ತಿತರರು ರೂಪಿಸಿದ ಎರಡು ಹಂತದ ಪದ್ಧತಿ ಇದನ್ನೇ ಮಾಡುತ್ತದೆ: ಮೊದಲು ಅಗ್ಗದ, ಸಾಮಾನ್ಯ ಲಕ್ಷಣದ ಪರೀಕ್ಷೆ ಎಲ್ಲ ಕಡೆ, ಅಲ್ಲಿ ಪಚ್ಚಿಲೆ ಸೋತ ಜಾಗಗಳಲ್ಲಿ ಮಾತ್ರ ಲೋಹನಿರ್ದಿಷ್ಟ ಪ್ರೋಟೀನ್, ಮಾಂಸ, ಕೆಸರುಗಳ ದುಬಾರಿ ವಿಶ್ಲೇಷಣೆ. ಬಂಡೆಗಳಿಂದ ಸಿಕ್ಕಸಿಕ್ಕ ಪಚ್ಚಿಲೆಯನ್ನು ಕಿತ್ತು ತರುವ ಬದಲು, ಒಂದೇ ಶುದ್ಧ ಜಾಗದ, ಒಂದೇ ಗಾತ್ರದ ಮರಿಗಳನ್ನು ಬುಟ್ಟಿಗಳಲ್ಲಿ ಹಾಕಿ ಬೇರೆಬೇರೆ ಕಡೆ ಮೂರು ನಾಲ್ಕು ವಾರ ಇಳಿಬಿಟ್ಟರೆ ವಯಸ್ಸು, ತಳಿ, ಮೊಟ್ಟೆಯ ಕಾಲಗಳ ವ್ಯತ್ಯಾಸ ಬಹುಪಾಲು ತೊಲಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಈ ಕೆಲಸ ಮಾಡಲೇಬಾರದು. ನಮ್ಮಲ್ಲಿ ಪಚ್ಚಿಲೆ ಕೃಷಿ ನಡೆಯುವುದೂ ಮಳೆ ನಿಂತ ಮೇಲಿನಿಂದ ಮುಂದಿನ ಮಳೆಯವರೆಗೆ. ನಿಗಾದ ಪಂಚಾಂಗವೂ ಅದಕ್ಕೆ ಹೊಂದಿಕೊಂಡರೆ ಆಯಿತು.

ಎರಡನೆಯ ಆಕ್ಷೇಪ, ಐವತ್ತು ನಿಮಿಷ, ಹತ್ತು ದಿನ ಎಂಬ ಗೆರೆಗಳೆಲ್ಲ ಯುರೋಪಿನ ನೀಲಿ ಮಸೆಲ್‌ಗೆ ಎಳೆದವು, ಮೂವತ್ತು ಡಿಗ್ರಿ ಬಿಸಿನೀರಿನಲ್ಲಿರುವ ನಮ್ಮ ಹಸಿರು ಪಚ್ಚಿಲೆಗೆ ಹೊಂದುವುದಿಲ್ಲ ಎಂಬುದು. ನಿಜ, ಹೊಂದುವುದಿಲ್ಲ, ಎರವಲು ತರಲೂಬಾರದು. ಗಾಳಿಯಲ್ಲಿ ಬದುಕುವ ದಿನಗಳು ನಮ್ಮ ಸೆಕೆಯಲ್ಲಿ ಸಹಜವಾಗಿಯೇ ಕಡಿಮೆ ಇರುತ್ತವೆ. ಆದರೆ ಸ್ಥಳೀಯ ಗೆರೆ ಎಳೆಯಲು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ: ಶುದ್ಧವೆಂದು ಒಪ್ಪಿತವಾದ ಜಾಗಗಳಲ್ಲಿ ಕೆಲವು ವರ್ಷ ಎಡೆಬಿಡದೆ ಅಳೆದು, ನಮ್ಮ ಪಚ್ಚಿಲೆ ಆರೋಗ್ಯವಾಗಿದ್ದಾಗ ಹೇಗಿರುತ್ತದೆ ಎಂಬುದನ್ನು ಬರೆದಿಡಬೇಕು. ಹಸಿರು ಪಚ್ಚಿಲೆಯನ್ನು ಮಾಲಿನ್ಯದ ಕಾವಲಿಗೆ ಬಳಸುವುದೇನೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಏಷ್ಯಾ ಪೆಸಿಫಿಕ್ ದೇಶಗಳ ನಡುವೆ ನಡೆದ ಸಮೀಕ್ಷೆ ಭಾರತವನ್ನೂ ಒಳಗೊಂಡು ಇದೇ ಜಾತಿಯನ್ನು ಬಳಸಿತ್ತು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ. ಬಣ್ಣ, ಸೂಜಿ, ಸೂಕ್ಷ್ಮದರ್ಶಕ, ಕಾಯಲು ಒಬ್ಬ ವಿದ್ಯಾರ್ಥಿ: ಇವು ಯಾವ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೂ ಎಟುಕುವ ಸಾಮಗ್ರಿಗಳು. ದುಬಾರಿಯಾಗುವುದು ಎರಡನೆಯ ಹಂತ. ಮೊದಲ ಹಂತ ಇರುವುದೇ ಆ ದುಬಾರಿಯನ್ನು ನಾಲ್ಕು ಜಾಗಕ್ಕೆ ಸೀಮಿತಗೊಳಿಸಲು.

ಮೂರನೆಯದು ವಕೀಲರ ಆಕ್ಷೇಪ, ಮತ್ತು ನನ್ನ ಪ್ರಕಾರ ನಿಜವಾದ ತೊಡಕು ಇರುವುದು ಇಲ್ಲಿಯೇ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ತ್ಯಾಜ್ಯನೀರಿನ ಮಾದರಿ ತೆಗೆಯುವ ವಿಧಿಯನ್ನು ಹೇಳುತ್ತದೆ: ಕಾರ್ಖಾನೆಯವರಿಗೆ ಅಲ್ಲೇ ನೋಟಿಸು ಕೊಡಬೇಕು, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಬೇಕು, ಪಾತ್ರೆಗೆ ಮೊಹರು ಹಾಕಿ ಸಹಿ ಪಡೆಯಬೇಕು. ಆರೋಪಿಗೆ ನ್ಯಾಯ ಸಿಗಲೆಂದು ಮಾಡಿದ ಒಳ್ಳೆಯ ವಿಧಿಯೇ ಅದು, ಆದರೆ ಅದರ ಕಲ್ಪನೆಯ ಮಾಲಿನ್ಯ ಒಂದು ಬಾಟಲಿಯಲ್ಲಿ ಹಿಡಿಸುವಂಥದ್ದು, ಒಂದು ಕೊಳವೆಯ ಬಾಯಿಯಲ್ಲಿ ಸಿಗುವಂಥದ್ದು. ಬಂದರು, ಕೈಗಾರಿಕಾ ಪ್ರದೇಶ, ನಗರದ ಚರಂಡಿ ಮೂರೂ ಸೇರಿ ನಿಧಾನವಾಗಿ ಮಾಡುವ ಹಾನಿಗೆ ಯಾವ ಕೊಳವೆಯ ಬಾಯಿಯೂ ಸಿಗುವುದಿಲ್ಲ. ಪಚ್ಚಿಲೆಯ ಬಳಲಿಕೆಯನ್ನು ತೋರಿಸಿ ಯಾರನ್ನೂ ಶಿಕ್ಷಿಸಲಾಗದು ಎಂಬುದನ್ನು ನಾನು ಒಪ್ಪುತ್ತೇನೆ, ಶಿಕ್ಷಿಸಲೂಬಾರದು. ಅದಕ್ಕೆ ಕೊಡಬೇಕಾದ ಕಾನೂನಿನ ಬೆಲೆ ಬೇರೆ ಬಗೆಯದು. ಎರಡು ಋತು ಸತತವಾಗಿ ಒಂದು ಜಾಗದ ಪಚ್ಚಿಲೆಗಳು ಸ್ಥಳೀಯ ಗೆರೆಗಿಂತ ಕೆಳಗಿಳಿದರೆ, ಸುತ್ತಲಿನ ಎಲ್ಲ ವಿಸರ್ಜನಾ ಮೂಲಗಳ ತಪಾಸಣೆ ಮಂಡಳಿಗೆ ಕಡ್ಡಾಯವಾಗಬೇಕು, ಮತ್ತು ಹೊಸ ವಿಸರ್ಜನೆಗೆ ಅನುಮತಿ ಅಲ್ಲಿಯವರೆಗೆ ತಡೆಯಬೇಕು. ದೋಷಾರೋಪದ ಸಾಕ್ಷ್ಯ ಮಾಮೂಲಿನಂತೆ ಮೊಹರು ಹಾಕಿದ ಬಾಟಲಿಯಿಂದಲೇ ಬರಲಿ. ಯಾವ ಬಾಟಲಿಯನ್ನು ಎಲ್ಲಿ, ಯಾವಾಗ ತುಂಬಬೇಕು ಎಂಬುದನ್ನಾದರೂ ಪಚ್ಚಿಲೆ ತೀರ್ಮಾನಿಸಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪಿಸಿದ 2010ರ ಕಾಯ್ದೆ ಮುನ್ನೆಚ್ಚರಿಕೆಯ ತತ್ವವನ್ನು ಅನ್ವಯಿಸಬೇಕೆಂದು ಹೇಳುತ್ತದೆ. ಎಚ್ಚರಿಕೆ ಕೊಡುವ ಜೀವಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಆ ತತ್ವವನ್ನು ಯಾವುದರ ಮೇಲೆ ಅನ್ವಯಿಸುವುದು?

ಇನ್ನೊಂದು ಆಕ್ಷೇಪ ಯಾರ ಬಾಯಲ್ಲೂ ನೇರವಾಗಿ ಬರುವುದಿಲ್ಲ, ಆದರೆ ಎಲ್ಲದಕ್ಕಿಂತ ಬಿಗಿಯಾಗಿ ಕೈ ಕಟ್ಟುತ್ತದೆ. ಪಚ್ಚಿಲೆ, ಮರುವಾಯಿ, ಬಳಚು ಮೊದಲಾದ ಚಿಪ್ಪುಜೀವಿಗಳಲ್ಲಿ ಲೋಹವಿದೆ ಎಂದು ಸುದ್ದಿಯಾದರೆ ಮಾರುಕಟ್ಟೆ ಬೀಳುತ್ತದೆ, ಅಳಿವೆಯಲ್ಲಿ ಸೊಂಟದುದ್ದ ನೀರಿಗಿಳಿದು ಆಯುವವರ ಹೊಟ್ಟೆಗೆ ಹೊಡೆತ ಬೀಳುತ್ತದೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದಾಗ ಅದರ ಹಿರಿಮೆಯಲ್ಲಿ ಬಳಚಿನ ಪಾಲು ಸಣ್ಣದಾಗಿರಲಿಲ್ಲ. ಈ ಭಯ ನ್ಯಾಯವಾದದ್ದು, ಆದರೆ ಅದಕ್ಕೆ ಅಳತೆಯೇ ಬೇಡವೆನ್ನುವುದು ಉತ್ತರವಲ್ಲ. ಫ್ರಾನ್ಸಿನ ಜಿರೋಂದ್ ಅಳಿವೆಯ ಪಾಠ ಇಲ್ಲಿ ಹೊಂದುತ್ತದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ಮೇಲೆ, ಡೆಕಾಜ್‌ವಿಲ್‌ನ ಸತುವಿನ ಅದಿರು ಸಂಸ್ಕರಣೆಯಿಂದ ಹೊರಟ ಕ್ಯಾಡ್ಮಿಯಂ ಲೋ ನದಿಯ ಮೂಲಕ ಇಳಿದು ಅಳಿವೆಯ ಆಯ್ಸ್ಟರ್‌ಗಳಲ್ಲಿ ತುಂಬಿಕೊಂಡಿತು. ಕೊನೆಗೆ ಅವನ್ನು ತಿನ್ನಲು ಬೆಳೆಯುವುದನ್ನೇ ನಿಷೇಧಿಸಬೇಕಾಯಿತು. ಅದಿರಿನ ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ. ಜಪಾನಿನ ಮಿನಮಾಟದಲ್ಲಂತೂ ಕೊಲ್ಲಿಗೆ ಪಾದರಸ ಬಿಡುತ್ತಿದ್ದ ಕಾರ್ಖಾನೆಯಿಂದ ಬಂದ ಕಾಯಿಲೆ 1956ರಲ್ಲಿ ಅಧಿಕೃತವಾಗಿ ಪತ್ತೆಯಾಗಿ, ಅರವತ್ತರ ದಶಕದ ಮೊದಲಲ್ಲೇ ಕೊಲ್ಲಿಯ ಚಿಪ್ಪುಜೀವಿಗಳಿಂದ ಪಾದರಸದ ಸಂಯುಕ್ತವನ್ನು ಬೇರ್ಪಡಿಸಿ ತೋರಿಸಿದ್ದರೂ, ಸರ್ಕಾರ ಕಾರ್ಖಾನೆಯೇ ಕಾರಣವೆಂದು ಒಪ್ಪಿದ್ದು 1968ರಲ್ಲಿ. ಅಷ್ಟೂ ವರ್ಷ ತಿಂದವರು ಮೀನುಗಾರರ ಕುಟುಂಬಗಳೇ. ಮಾಂಸದಲ್ಲಿ ಲೋಹ ಮಿತಿ ಮೀರಿ, ರಫ್ತು ಹಿಂದಿರುಗಿ, ಊಟದ ತಟ್ಟೆಗೆ ಭಯ ಇಳಿಯುವ ಹೊತ್ತಿಗೆ ಆಯುವವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಜೀವಕೋಶದ ಸಂಕಟ ಎಷ್ಟೋ ಸಲ ಅದಕ್ಕಿಂತ ಮೊದಲೇ, ಮಾಂಸ ಇನ್ನೂ ತಿನ್ನಲು ಯೋಗ್ಯವಾಗಿರುವಾಗಲೇ ಕಾಣುತ್ತದೆ. ಆ ಹಂತದಲ್ಲಿ ಎಚ್ಚೆತ್ತರೆ ಮುಚ್ಚಬೇಕಾದದ್ದು ಕೊಳವೆ, ಮಾರುಕಟ್ಟೆಯಲ್ಲ.

ಉದ್ಯಮದವರು ಇದನ್ನು ತಮ್ಮ ವಿರುದ್ಧದ ಆಯುಧವೆಂದು ನೋಡಬೇಕಿಲ್ಲ. ಆರ್ಕಶೋನ್‌ನಲ್ಲಿ ಮರಿಗಳು ಮರಳಿದ್ದು ಹಾನಿಯಷ್ಟೇ ಸ್ಪಷ್ಟವಾಗಿ ಕಂಡಿತು. ಸಂಸ್ಕರಣಾ ಘಟಕಕ್ಕೆ ನಿಜವಾಗಿಯೂ ದುಡ್ಡು ಹಾಕಿದ ಕಾರ್ಖಾನೆಗೆ ತನ್ನ ನೀರಿನಿಂದ ಕಡಲು ಸುಧಾರಿಸಿದೆ ಎಂದು ತೋರಿಸಲು ಮಿತಿಯೊಳಗಿದೆ ಎಂಬ ಒಣ ಪ್ರಮಾಣಪತ್ರಕ್ಕಿಂತ ಚೇತರಿಸಿಕೊಂಡ ಪಚ್ಚಿಲೆಯ ಅಂಕಿ ಬಲವಾದದ್ದು. ಇನ್ನು ಜಾಗಗಳ ಆಯ್ಕೆ ಕಷ್ಟವೇನಲ್ಲ. ಬಂದರು, ತೈಲ ಸಂಸ್ಕರಣೆ, ರಸಗೊಬ್ಬರ, ಕೈಗಾರಿಕಾ ಪ್ರದೇಶ ಎಲ್ಲ ಒತ್ತಿಕೊಂಡಿರುವ ಮಂಗಳೂರಿನ ಪಣಂಬೂರು–ಬೈಕಂಪಾಡಿ. ತವರದ ಬಣ್ಣ ಹೋದ ಮೇಲೆ ತಾಮ್ರದ ಬಣ್ಣವೇ ಜಗತ್ತಿನಾದ್ಯಂತ ದೋಣಿಯ ತಳಕ್ಕೆ ಬಂದಿರುವುದರಿಂದ, ನೂರಾರು ದೋಣಿ ಒತ್ತೊತ್ತಾಗಿ ನಿಲ್ಲುವ ಮಲ್ಪೆ ಮತ್ತು ಗಂಗೊಳ್ಳಿ. ಬಂದರು ಮತ್ತು ಕಾರ್ಖಾನೆ ಎರಡೂ ಇರುವ ಕಾರವಾರ–ಬಿಣಗಾ. ಹೋಲಿಕೆಗೆ ಅಘನಾಶಿನಿಯ ಹೊರಬಾಯಿ. ವರ್ಷಕ್ಕೆ ಎರಡು ಸಲ, ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್ ಸೆಕೆಗೆ ಮೊದಲು ಇನ್ನೊಮ್ಮೆ ಬುಟ್ಟಿ ಇಳಿಸಬೇಕು. ಬುಟ್ಟಿಗಳ ಕಾವಲನ್ನು ಆಯಾ ಊರಿನ ಪಚ್ಚಿಲೆ, ಬಳಚು ತೆಗೆಯುವವರಿಗೇ ಕೂಲಿ ಕೊಟ್ಟು ವಹಿಸಬೇಕು; ನೀರಿನ ಬಣ್ಣ ಯಾವ ರಾತ್ರಿ ಬದಲಾಯಿತೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊದಲ ಮೂರು ವರ್ಷ ಯಾರಿಗೂ ನೋಟಿಸು ಬೇಡ, ಸ್ಥಳೀಯ ಗೆರೆ ಎಳೆಯುವುದಷ್ಟೇ ಕೆಲಸ. ಆದರೆ ಅಂಕಿಗಳು ಮಂಡಳಿಯ ಕಪಾಟಿನಲ್ಲಿ ಕೂರದೆ, ಆಯಾ ಪಂಚಾಯಿತಿಯ ಫಲಕದ ಮೇಲೆ, ಕನ್ನಡದಲ್ಲಿ, ಬುಟ್ಟಿ ಮೇಲೆತ್ತಿದ ಹದಿನೈದು ದಿನದೊಳಗೆ ಬರಬೇಕು. ಈ ಷರತ್ತೊಂದನ್ನು ಮಾತ್ರ ಮೊದಲ ವರ್ಷದಿಂದಲೇ ಕಡ್ಡಾಯ ಮಾಡಬೇಕು.